ಒಂದು ಕಲ್ಲು, ಒಂದು ಪೋಸ್ಟರ್, 21 ಅಡಿ ದಾರ: ಪಾಬ್ಲೊ ಫ್ಯಾಂಕ್ ಬಗ್ಗೆ ಊರಿನವರೇ ಸೇರಿ ಪ್ರದರ್ಶನ ಮಾಡುವುದು ಹೇಗೆ

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಒಳಗೆ ಸೇಂಟ್ ಜಾರ್ಜಸ್ ಫೀಲ್ಡ್ ಅಂತ ಒಂದು ಹಸಿರು ಜಾಗ ಇದೆ. ನೋಡಿದರೆ ಪಾರ್ಕ್ ಅನ್ನಿಸುತ್ತದೆ. ಆದರೆ ಅದು ಹಳೆಯ ಸ್ಮಶಾನ. ತೊಂಬತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಅಲ್ಲಿ ಹೂಳಿದ್ದಾರೆ. 1960ರ ದಶಕದಲ್ಲಿ ಬಹುಪಾಲು ಸಮಾಧಿ ಕಲ್ಲುಗಳನ್ನು ತೆಗೆದುಬಿಟ್ಟರು. ಉಳಿದುಕೊಂಡ ಕೆಲವೇ ಕಲ್ಲುಗಳಲ್ಲಿ ಒಂದು ಸುಸಾನಾ ಡಾರ್ಬಿ ಎಂಬ ಹೆಂಗಸಿನದು. ಅವರ ಜೊತೆಗೇ ಮಲಗಿರುವವರು ಗಂಡ ವಿಲಿಯಂ ಡಾರ್ಬಿ. ಸರ್ಕಸ್ಸಿನವರಿಗೆ ಅವರು ಪಾಬ್ಲೊ ಫ್ಯಾಂಕ್. ಬ್ರಿಟನ್ನಿನಲ್ಲಿ ಸ್ವಂತ ಸರ್ಕಸ್ ಕಂಪನಿ ಕಟ್ಟಿದ ಮೊದಲ ಕಪ್ಪು ಜನಾಂಗದ ಮಾಲೀಕರು ಅಂತ ಅವರನ್ನು ಗುರುತಿಸುತ್ತಾರೆ.

ಇಂಥವರ ಬಗ್ಗೆ ಒಂದು ಸಣ್ಣ ಪ್ರದರ್ಶನ ಮಾಡಬೇಕು ಅಂದುಕೊಳ್ಳಿ. ಮ್ಯೂಸಿಯಂ ಅಲ್ಲ, ಊರಿನ ಹಾಲ್ ಅಥವಾ ಲೈಬ್ರರಿಯ ಒಂದು ಕೋಣೆ. ಕೈಯಲ್ಲಿರುವ ದುಡ್ಡು ಕಮ್ಮಿ. ತೋರಿಸಲು ಅವರ ಟೋಪಿ ಇಲ್ಲ, ಚಾವಟಿ ಇಲ್ಲ, ಡೈರಿ ಇಲ್ಲ. ಇರುವುದೆಲ್ಲ ಕಾಗದ. ಇಂಥ ಪ್ರದರ್ಶನ ಹೇಗೆ ಕಟ್ಟಬಹುದು ಅಂತ ಪಾಬ್ಲೊ ಅವರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಲೀಡ್ಸ್, ನಾರಿಚ್ ಕಡೆ ಇರುವ ಕನ್ನಡದವರು ನೇರವಾಗಿ ಬಳಸಬಹುದು. ಬೇರೆ ಊರಿನವರು ಹೆಸರು ಬದಲಿಸಿಕೊಂಡರೆ ಸಾಕು, ಕೆಲಸ ಹೆಚ್ಚುಕಡಿಮೆ ಇದೇ.

1. ಮೊದಲು ಒಂದು ಪ್ರಶ್ನೆ

"ಮರೆತುಹೋದ ಮಹಾನ್ ಕಲಾವಿದ" ಅಂತ ಬ್ಯಾನರ್ ಬರೆಸಲು ಎಲ್ಲರಿಗೂ ಆಸೆ. ಬೇಡ. ಅದನ್ನು ಓದಿದವರು "ಓಹೋ, ಪಾಪ" ಅಂದು ಮುಂದೆ ಹೋಗುತ್ತಾರೆ. ಪ್ರದರ್ಶನಕ್ಕೆ ಒಂದು ಪ್ರಶ್ನೆ ಬೇಕು, ಅದರ ಉತ್ತರ ಹುಡುಕುತ್ತಾ ಜನ ಬೋರ್ಡಿನಿಂದ ಬೋರ್ಡಿಗೆ ನಡೆಯಬೇಕು.

ನಾನು ಆರಿಸುವ ಪ್ರಶ್ನೆ ಇದು: 1841ರಲ್ಲಿ ಎರಡೇ ಎರಡು ಕುದುರೆ ಇಟ್ಟುಕೊಂಡು ಕಂಪನಿ ಶುರು ಮಾಡಿದ ಮನುಷ್ಯ, ಅದನ್ನು ಊರೂರು ಸುತ್ತಿಸಿದ್ದು ಹೇಗೆ?

ಇದರೊಳಗೆ ಎಲ್ಲ ಬರುತ್ತದೆ. ಮೇವು, ಬಾಡಿಗೆ, ಮಳೆ, ಸಾಲ, ಪೋಸ್ಟರ್, ಪ್ರೇಕ್ಷಕರು. ಮೈಬಣ್ಣದ ವಿಷಯವೂ ಬರುತ್ತದೆ, ಆದರೆ ಬಾಗಿಲಲ್ಲೇ ಅಡ್ಡ ನಿಲ್ಲುವುದಿಲ್ಲ. ಅವರು ಮೊದಲು ಒಬ್ಬ ಕಸುಬುದಾರ. ಕಸುಬಿನಿಂದ ಶುರು ಮಾಡಿದರೆ ಮನುಷ್ಯ ಕಾಣುತ್ತಾನೆ.

2. ಜನರನ್ನು ಈಗಲೇ ಕರೆಯಿರಿ

ಬೋರ್ಡೆಲ್ಲ ಪ್ರಿಂಟ್ ಆದಮೇಲೆ "ಬನ್ನಿ, ನೋಡಿ ಹೇಗಿದೆ" ಅಂತ ಕರೆಯುವುದು ತಪ್ಪು. ಆಗ ಅವರು ಅತಿಥಿಗಳು ಅಷ್ಟೇ. ಖಾಲಿ ಕಾಗದ ಇರುವಾಗಲೇ ಕರೆಯಬೇಕು. ಊರಿನ ಆಫ್ರಿಕನ್, ಕೆರಿಬಿಯನ್ ಮೂಲದ ಮನೆಗಳವರು, ಸ್ಥಳೀಯ ಇತಿಹಾಸ ಹುಡುಕುವ ಹಿರಿಯರು, ಒಬ್ಬಿಬ್ಬರು ಶಾಲಾ ಟೀಚರ್. ಇನ್ನೊಬ್ಬರನ್ನು ಎಲ್ಲರೂ ಮರೆಯುತ್ತಾರೆ: ಕುದುರೆ ಬಲ್ಲವರು. ನಿಂತ ಜಾಗದಲ್ಲೇ ಕುದುರೆಯ ಕೈಯಲ್ಲಿ ಹೆಜ್ಜೆ ಹಾಕಿಸುವುದು ಎಷ್ಟು ಕಷ್ಟ ಅನ್ನುವುದನ್ನು ಅವರು ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಾವು ಪುಸ್ತಕ ಓದಿ ಒಂದು ಪುಟ ಬರೆಯುತ್ತೇವೆ.

ಬಂದವರ ಬಸ್ ಖರ್ಚು, ಊಟದ ಖರ್ಚು ಲೆಕ್ಕದಲ್ಲಿ ಇಟ್ಟುಕೊಳ್ಳಿ. "ಸಮುದಾಯದ ಕೆಲಸ ಅಲ್ವಾ, ಸುಮ್ನೆ ಬರ್ತಾರೆ" ಅನ್ನುವುದು ನ್ಯಾಯವಲ್ಲ.

3. ಕಾಗದದ ಬೇಟೆ

ಇದು ಅತಿ ಉದ್ದದ ಕೆಲಸ. ಮೂರು ತಿಂಗಳಾದರೂ ಕೊಡಿ.

ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳು ಸ್ಕ್ಯಾನ್ ಆಗಿ ಸಿಗುತ್ತವೆ. ಅದು ದುಡ್ಡು ಕೊಟ್ಟು ನೋಡುವಂಥದ್ದು. ಅಲ್ಲಿನ ಎಷ್ಟೋ ಊರಿನ ಲೈಬ್ರರಿಗಳಲ್ಲಿ ಕೂತು ಉಚಿತವಾಗಿಯೂ ನೋಡಬಹುದು, ಮೊದಲು ಅದನ್ನು ಕೇಳಿ. ನಾಟಕ, ಸರ್ಕಸ್ ಸುದ್ದಿಗೆ 'ದ ಎರಾ' ಅನ್ನುವ ವಾರಪತ್ರಿಕೆ ಒಳ್ಳೆಯದು. ಲೀಡ್ಸ್ ವಿಷಯಕ್ಕೆ 'ಲೀಡ್ಸ್ ಮರ್ಕ್ಯುರಿ'. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಜಾತ್ರೆ ಮತ್ತು ಸರ್ಕಸ್ಸಿಗೇ ಮೀಸಲಾದ ರಾಷ್ಟ್ರೀಯ ಸಂಗ್ರಹ ಇದೆ. ಹುಟ್ಟೂರು ನಾರಿಚ್‌ನ ಕಾಗದಗಳಿಗೆ ನಾರ್ಫೋಕ್ ರೆಕಾರ್ಡ್ ಆಫೀಸ್. ಲೀಡ್ಸ್ ಸ್ಮಶಾನದ ರಿಜಿಸ್ಟರನ್ನು ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿ ಆನ್‌ಲೈನಿನಲ್ಲೇ ಇಟ್ಟಿದೆ.

ಹುಡುಕುವಾಗ ಒಂದು ಉಪಾಯ. ಸ್ಕ್ಯಾನ್ ಮಾಡಿದ ಹಳೆ ಅಚ್ಚನ್ನು ಕಂಪ್ಯೂಟರ್ ತಪ್ಪು ಓದುತ್ತದೆ. ಇಂಗ್ಲಿಷಿನ 'ಎನ್' ಅಕ್ಷರ ಅದಕ್ಕೆ 'ಯು' ಆಗಿ ಕಾಣುತ್ತದೆ. ಹಾಗಾಗಿ ಫ್ಯಾಂಕ್ (Fanque) ಅಂತ ಸರಿಯಾದ ಸ್ಪೆಲಿಂಗ್ ಹಾಕಿದರೆ ಅರ್ಧ ಸುದ್ದಿ ಸಿಗುವುದೇ ಇಲ್ಲ. ಬರೀ 'ಪಾಬ್ಲೊ' ಹಾಕಿ, ಜೊತೆಗೆ 'ಸರ್ಕಸ್' ಅಥವಾ ಊರಿನ ಹೆಸರು ಹಾಕಿ. 'ಯಂಗ್ ಡಾರ್ಬಿ' ಅಂತಲೂ ಹುಡುಕಿ. ಯಾಕೆಂದರೆ ಮೊದಲ ಸಲ ರಿಂಗಿಗೆ ಇಳಿದಾಗ ಅವರ ಹೆಸರು ಅದೇ. 1821ರ ಡಿಸೆಂಬರ್ 26, ನಾರಿಚ್. ವಿಲಿಯಂ ಬ್ಯಾಟಿ ಅನ್ನುವ ಸರ್ಕಸ್ ಯಜಮಾನನ ಕೈಕೆಳಗೆ ಕೆಲಸ ಕಲಿತ ಹುಡುಗ. ಕುದುರೆ ಸವಾರಿ, ಹಗ್ಗದ ಮೇಲಿನ ನಡಿಗೆ ಎಲ್ಲ ಅಲ್ಲೇ ಮೈಗೆ ಹತ್ತಿದ್ದು.

ಸಿಕ್ಕಿದ್ದನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ. ತಾರೀಖು, ಪತ್ರಿಕೆ, ಪುಟ, ಏನು ಹೇಳುತ್ತದೆ, ಎಷ್ಟು ನಂಬಬಹುದು. ಈ ಕೊನೆಯ ಕಾಲಂ ಬಿಡಬೇಡಿ. ಪ್ರಿಂಟ್‌ಗೆ ಹೋಗುವ ಹಿಂದಿನ ರಾತ್ರಿ ಅದೇ ನಿಮ್ಮ ಮರ್ಯಾದೆ ಕಾಯುತ್ತದೆ.

ಚಿತ್ರಕ್ಕೆ ಏನು ಮಾಡುವುದು? 1847ರಲ್ಲಿ ಅವರು ಲಂಡನ್ನಿನ ಆಸ್ಟ್ಲೀಸ್ ಆಂಫಿಥಿಯೇಟರಿನಲ್ಲಿ ಆಡಿದರು. 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆ ಅದರ ಒಂದು ಕೆತ್ತನೆ ಚಿತ್ರ ಹಾಕಿತು, ಬೇಡಾ ಎಂಬ ಕಪ್ಪು ಕುದುರೆಯನ್ನು ಕುಣಿಸಿದ ರೀತಿಯನ್ನು ಬಾಯಿತುಂಬ ಹೊಗಳಿತು. ಅದು ನಿಮ್ಮ ದೊಡ್ಡ ಚಿತ್ರ. ಅಂತರಜಾಲದಲ್ಲಿ "ಇದೇ ಪಾಬ್ಲೊ" ಅಂತ ಓಡಾಡುವ ಫೋಟೋಗಳಿವೆ. ಎಲ್ಲಿಂದ ಬಂತು ಅಂತ ಹಿಡಿಯಲಾಗದ ಫೋಟೋವನ್ನು ಗೋಡೆಗೆ ಹಾಕಬೇಡಿ, ಎಷ್ಟೇ ಚೆನ್ನಾಗಿರಲಿ.

4. ಪೋಸ್ಟರ್ ಕಥೆಯನ್ನು ಹದದಲ್ಲಿಡಿ

ಪಾಬ್ಲೊ ಅವರ ಹೆಸರು ಇವತ್ತು ಯಾರಿಗಾದರೂ ಗೊತ್ತಿದ್ದರೆ ಅದು ಬೀಟಲ್ಸ್ ಹಾಡಿನಿಂದ. 1967ರ ಜನವರಿಯಲ್ಲಿ ಆ ಸಂಗೀತ ತಂಡದ ಜಾನ್ ಲೆನನ್ ಕೆಂಟ್ ಜಿಲ್ಲೆಯ ಸೆವೆನೋಕ್ಸ್‌ನ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಸರ್ಕಸ್ ಪೋಸ್ಟರ್ ಕೊಂಡರು. ಅದರ ಮಾತುಗಳನ್ನೇ ಇಟ್ಟುಕೊಂಡು 'ಬೀಯಿಂಗ್ ಫಾರ್ ದ ಬೆನಿಫಿಟ್ ಆಫ್ ಮಿಸ್ಟರ್ ಕೈಟ್' ಹಾಡು ಹುಟ್ಟಿತು.

ಬರುವವರಲ್ಲಿ ಅರ್ಧ ಜನ ಇದಕ್ಕೇ ಬರುತ್ತಾರೆ. ಬರಲಿ. ಆದರೆ ಈ ಬೋರ್ಡನ್ನು ಬಾಗಿಲ ಬಳಿ ಇಡಬೇಡಿ. ಇಟ್ಟರೆ ಪಾಬ್ಲೊ ಬೀಟಲ್ಸ್ ಕಥೆಯ ಒಂದು ಅಡಿಟಿಪ್ಪಣಿ ಆಗಿಬಿಡುತ್ತಾರೆ. ನಡುವೆ ಎಲ್ಲೋ ಇಡಿ, ಅದನ್ನೇ ಒಂದು ಆಟ ಮಾಡಿ. ಎಡಕ್ಕೆ ಪೋಸ್ಟರ್ ಹೇಳುವುದು, ಬಲಕ್ಕೆ ಹಾಡು ಹೇಳುವುದು. ಪೋಸ್ಟರಿನಲ್ಲಿ ಊರು ರೋಚ್‌ಡೇಲ್, ಹಾಡಿನಲ್ಲಿ ಬಿಷಪ್ಸ್‌ಗೇಟ್. ಪೋಸ್ಟರಿನ ಕುದುರೆ ಜಾಂಥಸ್, ಹಾಡಿನ ಕುದುರೆ ಹೆನ್ರಿ. ಪೋಸ್ಟರಿನಲ್ಲಿ 'ಸರ್ಕಸ್ ರಾಯಲ್', ಹಾಡಿನಲ್ಲಿ ಬರೀ ಜಾತ್ರೆ. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ.

'ಬೆನಿಫಿಟ್' ಅಂದರೇನು ಅಂತ ಅಲ್ಲೇ ಹೇಳಿ. ಆ ರಾತ್ರಿಯ ವಸೂಲಿ ಒಬ್ಬ ಕಲಾವಿದನ ಹೆಸರಿಗೆ. ನಮ್ಮ ಕಂಪನಿ ನಾಟಕದ ಸಹಾಯಾರ್ಥ ಪ್ರದರ್ಶನ ಗೊತ್ತಿರುವವರಿಗೆ ವಿವರಣೆಯೇ ಬೇಡ. ಪೋಸ್ಟರಿನಲ್ಲಿ "ಕೊನೆಯ ಆಟಕ್ಕೆ ಇನ್ನು ಮೂರೇ" ಅನ್ನುವ ಅರ್ಥದ ಸಾಲೂ ಇದೆ. ಜಾಹೀರಾತಿನ ಬುದ್ಧಿ 180 ವರ್ಷದಲ್ಲಿ ಏನೂ ಬದಲಾಗಿಲ್ಲ!

5. ನೆಲದ ಮೇಲೆ ರಿಂಗ್ ಎಳೆಯಿರಿ

ಈಗ ನನಗೆ ಅತಿ ಇಷ್ಟದ ಭಾಗ. ವಸ್ತು ಏನೂ ಇಲ್ಲದ ಪ್ರದರ್ಶನಕ್ಕೆ ಮೈ ಕೊಡುವುದು ಜಾಗ.

ಸರ್ಕಸ್ ರಿಂಗಿನ ಅಗಲ 42 ಅಡಿ. 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಆಟ ಶುರು ಮಾಡಿದ ಫಿಲಿಪ್ ಆಸ್ಟ್ಲಿ ಅವರ ಕಡೆಯಿಂದ ಬಂದ ಅಳತೆ ಇದು, ಇವತ್ತಿಗೂ ನಡೆಯುತ್ತಿದೆ. ಓಡುವ ಕುದುರೆಯ ಬೆನ್ನ ಮೇಲೆ ನಿಂತವರು ಒಳಗಡೆಗೆ ವಾಲಿ ಬೀಳದೆ ನಿಲ್ಲಲು ಈ ಸುತ್ತು ಸರಿಹೋಗುತ್ತದೆ.

ಇಡೀ ರಿಂಗ್ ನಿಮ್ಮ ಹಾಲಿನಲ್ಲಿ ಹಿಡಿಸುವುದಿಲ್ಲ. ಕಾಲು ಭಾಗ ಹಿಡಿಸುತ್ತದೆ. 21 ಅಡಿ ಉದ್ದದ ದಾರ ತನ್ನಿ. ಒಬ್ಬರು ಹಾಲಿನ ಮೂಲೆಯಲ್ಲಿ ದಾರದ ಒಂದು ತುದಿ ಹಿಡಿದು ಕೂರಲಿ. ಇನ್ನೊಬ್ಬರು ಮತ್ತೊಂದು ತುದಿಗೆ ಸೀಮೆಸುಣ್ಣ ಕಟ್ಟಿ, ದಾರ ಬಿಗಿಯಾಗಿಟ್ಟು, ಒಂದು ಗೋಡೆಯಿಂದ ಪಕ್ಕದ ಗೋಡೆಯವರೆಗೆ ನಡೆಯಲಿ. ಸುಮಾರು 10 ಮೀಟರ್ ಉದ್ದದ ಕಮಾನು ಬರುತ್ತದೆ. ಅದರ ಮೇಲೆ ಅಗಲವಾದ ಬಟ್ಟೆಯ ಟೇಪ್ ಅಂಟಿಸಿ. ಮೊದಲು ಒಂದು ಮೂಲೆಯಲ್ಲಿ ತುಂಡು ಅಂಟಿಸಿ, ಒಂದು ದಿನ ಬಿಟ್ಟು ಕಿತ್ತು ನೋಡಿ. ನೆಲದ ಪಾಲಿಶ್ ಎದ್ದುಬಂದರೆ ಹಾಲಿನವರು ಸುಮ್ಮನಿರುವುದಿಲ್ಲ.

ಟೇಪಿನ ಒಳಗೆ ಏನೂ ಇಡಬೇಡಿ. ಖಾಲಿ ಬಿಡಿ. ಬೋರ್ಡುಗಳೆಲ್ಲ ಹೊರಗಡೆ, ಕಮಾನಿನ ಉದ್ದಕ್ಕೂ. ಜನ ಟೇಪಿನ ಅಂಚಿನಲ್ಲೇ ಓದುತ್ತಾ ನಡೆಯುತ್ತಾರೆ, ಬೆನ್ನ ಹಿಂದೆ ಖಾಲಿ ರಿಂಗ್. ಇಷ್ಟು ಸಣ್ಣ ಜಾಗದಲ್ಲಿ ಕುದುರೆ ಓಡುತ್ತಿತ್ತಾ ಅಂತ ಯಾರಾದರೂ ಕೇಳದೆ ಇರುವುದಿಲ್ಲ. ಕೇಳಿದರೆ ನಿಮ್ಮ ಕೆಲಸ ಅರ್ಧ ಆಯಿತು.

ಟೇಪಿಗೂ ಬೋರ್ಡಿಗೂ ನಡುವೆ ಒಂದೂವರೆ ಮೀಟರ್ ದಾರಿ ಇರಲಿ. ಗಾಲಿಕುರ್ಚಿ ತಿರುಗಲು ಅಷ್ಟು ಬೇಕು. ಎ1 ಅಳತೆಯ ಫೋಮ್ ಬೋರ್ಡ್ ಏಳು ಸಾಕು. ಹತ್ತು ಮಾಡಿದರೆ ಕೊನೆಯ ಮೂರನ್ನು ಯಾರೂ ಓದುವುದಿಲ್ಲ. ಬೋರ್ಡಿನ ಮಧ್ಯಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರಲಿ, ಮಕ್ಕಳ ಸಾಲುಗಳು ಅದಕ್ಕಿಂತ ಕೆಳಗೆ.

ಬಣ್ಣದ ಬಗ್ಗೆ ಒಂದು ಮಾತು. ಸರ್ಕಸ್ ಅಂದ ಕೂಡಲೇ ಡಿಸೈನರ್ ಕೆಂಪು, ಬಂಗಾರದ ಪಟ್ಟೆ ತರುತ್ತಾರೆ. ಆ ಕಾಲದ ಪೋಸ್ಟರ್ ನೋಡಿ: ತೆಳು ಕಾಗದದ ಮೇಲೆ ಕಪ್ಪು ಶಾಯಿ, ಮರದ ಅಚ್ಚಿನ ದಪ್ಪ ಅಕ್ಷರ. ಕೆನೆ ಬಣ್ಣದ ಮೇಲೆ ಕಪ್ಪು ಸಾಕು. ಓದಲೂ ಸುಲಭ, ಪ್ರಿಂಟಿಗೂ ಅಗ್ಗ.

ಅಸಲಿ ಹಳೆ ಕಾಗದ ಯಾರಾದರೂ ಎರವಲು ಕೊಟ್ಟರೆ ಹಿಗ್ಗಬೇಡಿ, ಹೆದರಿ. ಹಳೆ ಕಾಗದಕ್ಕೆ ಬೆಳಕು 50 ಲಕ್ಸ್ ದಾಟಬಾರದು ಅನ್ನುವುದು ಮ್ಯೂಸಿಯಂಗಳ ರೂಢಿ. ಊರ ಹಾಲಿನ ಟ್ಯೂಬ್‌ಲೈಟ್ ಕೆಳಗೆ ಅದು ಆಗುವ ಮಾತಲ್ಲ. ಒಳ್ಳೆಯ ನಕಲು ತೆಗೆದು ಹಾಕಿ, "ಇದು ನಕಲು" ಅಂತ ಬರೆಯಿರಿ.

6. ಲೇಬಲ್ ಬರೆಯುವುದು

ನಾನು ಮೊದಲ ಸಲ ಇಂಥ ಕೆಲಸಕ್ಕೆ ಕೈ ಹಾಕಿದಾಗ ಒಂದೇ ಬೋರ್ಡಿಗೆ 400 ಪದ ತುಂಬಿದ್ದೆ. ಗೊತ್ತಿದ್ದುದೆಲ್ಲ ಹೇಳಬೇಕು ಅನ್ನುವ ಹುಚ್ಚು. ಜನ ಮೊದಲ ಎರಡು ಸಾಲು ಓದಿ ಚಹಾ ಮೇಜಿನ ಕಡೆ ನಡೆದರು. ಈಗ ನನ್ನ ಲೆಕ್ಕ: ಶುರುವಿನ ಬೋರ್ಡಿಗೆ 120 ಪದ, ಉಳಿದ ಲೇಬಲ್ಲಿಗೆ 60. ಅಕ್ಷರ 18 ಪಾಯಿಂಟಿಗಿಂತ ಸಣ್ಣದು ಬೇಡವೇ ಬೇಡ.

ಬರೆದದ್ದನ್ನು ಜೋರಾಗಿ ಓದಿ. ಉಸಿರು ಕಟ್ಟಿದರೆ ವಾಕ್ಯ ಮುರಿಯಿರಿ. ಒಂದು ಮಾದರಿ ಇಲ್ಲಿದೆ:

"1843, ಫೆಬ್ರವರಿ 14, ಮಂಗಳವಾರ. ರೋಚ್‌ಡೇಲ್ ಊರಿನ ಟೌನ್ ಮೆಡೋಸ್‌ನಲ್ಲಿ ಸರ್ಕಸ್ ಬಿಡಾರ. ಕಂಪನಿಗೆ ಎರಡು ವರ್ಷ ವಯಸ್ಸು. ಇವತ್ತಿನ ವಸೂಲಿ ಕೈಟ್ ಮತ್ತು ಹೆಂಡರ್ಸನ್ ಎಂಬ ಇಬ್ಬರು ಆಟಗಾರರಿಗೆ. ಪೋಸ್ಟರಿನ ತಲೆಯಲ್ಲಿ ಮಾಲೀಕರ ಹೆಸರು ದೊಡ್ಡದಾಗಿದೆ: ಪಾಬ್ಲೊ ಫ್ಯಾಂಕ್."

ಇದರಲ್ಲಿ 'ಅದ್ಭುತ', 'ಅಪ್ರತಿಮ' ಒಂದೂ ಇಲ್ಲ ನೋಡಿ. ಬೇಕಾಗಿಲ್ಲ.

ದಾಖಲೆಗಳೇ ಜಗಳವಾಡುವ ಕಡೆ ಆ ಜಗಳವನ್ನೇ ತೋರಿಸಿ. ಅವರು ಹುಟ್ಟಿದ್ದು 1796 ಅಂತ ಬಹಳ ಕಾಲ ಬರೆಯುತ್ತಿದ್ದರು. ಸತ್ತಾಗ 75 ವರ್ಷ ಅಂತ ಹಾಕಿದ ಲೆಕ್ಕದಿಂದ ಬಂದ ಇಸವಿ ಅದು. ಆಮೇಲೆ ಹುಡುಕಿದವರು 1810 ಅಂದರು, ಈಗ ಹೆಚ್ಚಿನವರು ಒಪ್ಪುವುದು ಅದನ್ನೇ. ವ್ಯತ್ಯಾಸ ಬರೀ ಅಂಕಿಯದ್ದಲ್ಲ. ಒಂದು ಲೆಕ್ಕದಲ್ಲಿ 1821ರ ನಾರಿಚ್ ರಿಂಗಿಗೆ ಇಳಿದವನು 25ರ ಯುವಕ, ಇನ್ನೊಂದರಲ್ಲಿ 11ರ ಪೋರ. ಎರಡನ್ನೂ ಒಂದೇ ಲೇಬಲ್ಲಿನಲ್ಲಿ ಇಡಿ, ನಿಮಗೆ ಯಾವುದು ಸರಿ ಅನ್ನಿಸಿತು, ಯಾಕೆ ಅಂತಲೂ ಹೇಳಿ.

7. ಕಷ್ಟದ ಎರಡು ಬೋರ್ಡು

ಒಂದು, ಲೀಡ್ಸ್‌ನ ರಾತ್ರಿ. 1848ರ ಮಾರ್ಚ್ 18, ಶನಿವಾರ. ಕಿಂಗ್ ಚಾರ್ಲ್ಸ್ ಕ್ರಾಫ್ಟ್‌ನಲ್ಲಿದ್ದ ಮರದ ಕಟ್ಟಡ. ವಾಲೆಟ್ ಎಂಬ ವಿದೂಷಕನ ಬೆನಿಫಿಟ್ ಆಟ. ಜನ ಕಿಕ್ಕಿರಿದಿದ್ದರು. ಕೂತಿದ್ದ ಅಟ್ಟಣೆ ಕುಸಿದು ನೂರಾರು ಜನ ಒಟ್ಟಿಗೆ ಬಿದ್ದರು. ಹೊರ ಮೊಗಸಾಲೆಯಲ್ಲಿದ್ದ ಸುಸಾನಾ ಅವರ ತಲೆ, ಕುತ್ತಿಗೆಯ ಮೇಲೆ ದಪ್ಪ ಹಲಗೆಗಳು ಬಿದ್ದವು. ಸತ್ತವರು ಅವರೊಬ್ಬರೇ.

ಇದನ್ನು ನಾಟಕೀಯ ಮಾಡುವ ಆಸೆ ಬರುತ್ತದೆ. ಕೆಂಪು ಲೈಟು, ಕಿರುಚಾಟದ ಸೌಂಡು. ದಯವಿಟ್ಟು ಬೇಡ. ಒಂದು ಚಿಕ್ಕ ಬೋರ್ಡು, ತಾರೀಖು, ಜಾಗ, ಹೆಸರು. ಹೆಸರನ್ನು 'ಪಾಬ್ಲೊ ಹೆಂಡತಿ' ಅಂತ ಬರೆಯಬೇಡಿ, ಸುಸಾನಾ ಡಾರ್ಬಿ ಅಂತ ಬರೆಯಿರಿ. ಜೊತೆಗೆ ಅವರ ಸಮಾಧಿಗೆ ನಡೆದು ಹೋಗುವ ದಾರಿಯ ನಕ್ಷೆ. ಪಾಬ್ಲೊ ಅದೇ ಬೇಸಿಗೆಯಲ್ಲಿ ಶೆಫೀಲ್ಡ್‌ನಲ್ಲಿ ಎಲಿಜಬೆತ್ ಕಾರ್ಕರ್ ಎಂಬ ಕುದುರೆ ಸವಾರಳನ್ನು ಮದುವೆಯಾದರು. ಇದನ್ನು ಮುಚ್ಚಿಡಬೇಡಿ, ಮೂಗು ಮುರಿಯಲೂ ಬೇಡಿ. ಮಕ್ಕಳು, ಕುದುರೆಗಳು, ನಡೆಯಲೇಬೇಕಾದ ಕಂಪನಿ. ಅವರ ಬದುಕು ಹಾಗಿತ್ತು.

ಎರಡು, ಮೈಬಣ್ಣ. ಆಗಿನ ಎಷ್ಟೋ ವರದಿಗಳಲ್ಲಿ ಅವರ ಬಣ್ಣದ ಮಾತೇ ಇಲ್ಲ. ಕೆಲವು ಕಡೆ ಇದೆ, ಕೆಲವು ಸಲ ಇವತ್ತು ಬಾಯಲ್ಲಿ ಹೇಳಲಾಗದ ಪದಗಳಲ್ಲಿ. 1905ರಲ್ಲಿ ಥಾಮಸ್ ಹಾರ್ನ್ ಎಂಬ ಪಾದ್ರಿ ಬರೆದರು: ಕುದುರೆ ಸರ್ಕಸ್ಸಿನವರಲ್ಲಿ ಬಣ್ಣದ ಗೆರೆ ಇಲ್ಲ, ಅಲ್ಲಿ ಸಾಮರ್ಥ್ಯ ಒಂದೇ ಪರೀಕ್ಷೆ. ಈ ಮಾತನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಹಾಕಿ ಕೈ ತೊಳೆದುಕೊಳ್ಳುವವರು ಬಹಳ. ನಾನು ಹಾಕುವುದಿಲ್ಲ. ಹೇಳಿದವರು ಜಾತ್ರೆ ಆಟದವರ ಸಂಘದ ಪಾದ್ರಿ, ಹೇಳಿದ್ದು ಪಾಬ್ಲೊ ಸತ್ತು 34 ವರ್ಷದ ಮೇಲೆ. ಹಾಕುವುದೇ ಆದರೆ ಪಕ್ಕದಲ್ಲಿ ಇನ್ನೊಂದು ತಾರೀಖು ಹಾಕಿ: 'ಯಂಗ್ ಡಾರ್ಬಿ' ನಾರಿಚ್‌ನಲ್ಲಿ ಹಗ್ಗದ ಮೇಲೆ ನಡೆಯುವುದನ್ನು ಕಲಿಯುತ್ತಿದ್ದಾಗ ಬ್ರಿಟನ್ನಿನ ಕೆರಿಬಿಯನ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿಯೇ ಇತ್ತು, ಅದನ್ನು ರದ್ದು ಮಾಡಿದ ಕಾಯ್ದೆ ಜಾರಿಗೆ ಬಂದದ್ದು 1834ರಲ್ಲಿ. ಎರಡೂ ನಿಜ. ಓದುವವರು ತಾವೇ ಯೋಚಿಸಲಿ.

ಹಳೆ ಪತ್ರಿಕೆಯ ಕೆಟ್ಟ ಪದಗಳನ್ನು ಏನು ಮಾಡಬೇಕು ಅನ್ನುವುದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಎರಡನೇ ಹೆಜ್ಜೆಯಲ್ಲಿ ಕರೆದ ಜನ ಇದ್ದಾರಲ್ಲ, ಅವರನ್ನು ಕೇಳಿ.

8. ದುಡ್ಡು, ಅನುಮತಿ

ಚಿಕ್ಕ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ನ್ಯಾಷನಲ್ ಲಾಟರಿಯ 'ಅವಾರ್ಡ್ಸ್ ಫಾರ್ ಆಲ್' ನೆರವು ಇದೆ. ದೊಡ್ಡದಾದರೆ ಅದೇ ಲಾಟರಿಯ ಹೆರಿಟೇಜ್ ಫಂಡ್. ನಿಯಮ ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವಾರವೇ ಓದಿಕೊಳ್ಳಿ.

1847ರ ಚಿತ್ರಕ್ಕೆ ಕಾಪಿರೈಟ್ ಮುಗಿದಿದೆ. ಆದರೂ ಅದರ ಒಳ್ಳೆಯ ಸ್ಕ್ಯಾನ್ ಕೊಡುವ ಸಂಗ್ರಹದವರು ಫೀಸು ಕೇಳಬಹುದು. ಬೀಟಲ್ಸ್ ಹಾಡಿನ ಕಥೆ ಬೇರೆ. ಅನುಮತಿ ಇಲ್ಲದೆ ಸಾಹಿತ್ಯವನ್ನು ಬೋರ್ಡಿಗೆ ಹಾಕುವಂತಿಲ್ಲ, ಹಾಲಿನಲ್ಲಿ ನುಡಿಸಲೂ ಸಂಗೀತದ ಲೈಸೆನ್ಸ್ ಬೇಕು. ಹಾಲಿನವರ ಬಳಿ ಅದು ಇದೆಯಾ ಅಂತ ಕೇಳಿ. ಎರವಲು ತಂದ ಪ್ರತಿಯೊಂದಕ್ಕೂ ಚೀಟಿ ಬರೆದು ಸಹಿ ಹಾಕಿಸಿ, ಫೋಟೋ ತೆಗೆದಿಡಿ. ವಿಮೆ ಮಾಡಿಸಿ.

9. ಯಾವಾಗ ತೆರೆಯುವುದು, ಹೇಗೆ ಮುಚ್ಚುವುದು

ಬ್ರಿಟನ್ನಿನಲ್ಲಿ ಅಕ್ಟೋಬರ್ ಕಪ್ಪು ಜನರ ಇತಿಹಾಸದ ತಿಂಗಳು. ಎಲ್ಲರೂ ಆಗಲೇ ನುಗ್ಗುತ್ತಾರೆ. ಹಾಲ್ ಸಿಗುವುದಿಲ್ಲ, ಮಾತನಾಡಲು ಕರೆದವರು ದಿನಕ್ಕೆ ಮೂರು ಕಡೆ ಓಡುತ್ತಿರುತ್ತಾರೆ. ಪಾಬ್ಲೊ ಅವರಿಗೆ ತಮ್ಮದೇ ಕ್ಯಾಲೆಂಡರ್ ಇದೆ. ಮಾರ್ಚ್ 18ಕ್ಕೆ ಶುರು ಮಾಡಿ ಮೇ 4ಕ್ಕೆ ಮುಗಿಸಿ. ಮೇ 4 ಅವರು ಸತ್ತ ದಿನ, 1871ರಲ್ಲಿ, ಸ್ಟಾಕ್‌ಪೋರ್ಟ್ ಊರಿನ ಬ್ರಿಟಾನಿಯಾ ಎಂಬ ವಸತಿಗೃಹದಲ್ಲಿ. ಶವ ಲೀಡ್ಸಿಗೆ ಬಂತು. ಮೆರವಣಿಗೆಯಲ್ಲಿ ಬ್ಯಾಂಡು, ಗಾಡಿಗಳ ಜೊತೆ ಅವರ ಮೆಚ್ಚಿನ ಕುದುರೆಯೂ ನಡೆಯಿತು. ಕೊನೆಯ ದಿನ ನೀವೂ ಹಾಲಿನಿಂದ ಸೇಂಟ್ ಜಾರ್ಜಸ್ ಫೀಲ್ಡ್‌ವರೆಗೆ ಎಲ್ಲರನ್ನೂ ನಡೆಸಿಕೊಂಡು ಹೋಗಬಹುದು.

ಶನಿವಾರಗಳಲ್ಲಿ ಮಕ್ಕಳಿಗೆ ಒಂದು ಮೇಜು ಇಡಿ. ರಬ್ಬರ್ ಅಕ್ಷರದ ಅಚ್ಚು, ಕಪ್ಪು ಶಾಯಿ, ಉದ್ದನೆಯ ಕಾಗದ. ಮನೆಯ ಯಾರಿಗಾದರೂ ಒಂದು ಬೆನಿಫಿಟ್ ಪೋಸ್ಟರ್ ಮಾಡಲಿ. ಅಜ್ಜಿಯ ದೋಸೆಗೆ ಆದರೂ ಸರಿ, ಕನ್ನಡದಲ್ಲಿ ಆದರೂ ಸರಿ. ಒಣಗಿದಮೇಲೆ ಅವರ ಕೈಯಲ್ಲೇ ಗೋಡೆಗೆ ಹಾಕಿಸಿ, ಆ ಗೋಡೆ ದಿನದಿನಕ್ಕೆ ತುಂಬುತ್ತದೆ.

ಮುಚ್ಚುವ ದಿನದ ಕೆಲಸವನ್ನು ಮೊದಲೇ ಹಂಚಿ. ಬೋರ್ಡುಗಳು ಯಾವ ಶಾಲೆಗೆ ಹೋಗುತ್ತವೆ, ಎಕ್ಸೆಲ್ ಹಾಳೆಯ ಒಂದು ಪ್ರತಿ ಊರಿನ ಯಾವ ಲೈಬ್ರರಿಗೆ, ಎರವಲು ಚೀಟಿಗಳನ್ನು ಯಾರು ಒಂದೊಂದಾಗಿ ಹಿಡಿದು ವಾಪಸ್ ಕೊಡುತ್ತಾರೆ. ನೆಲದ ಟೇಪನ್ನು ಕೊನೆಗೆ ಕೀಳಿ. ನಿಧಾನವಾಗಿ, ಹಿಂದಕ್ಕೆ ಮಡಚಿ ಎಳೆಯಿರಿ. ಅಂಟು ಉಳಿದರೆ ಬಿಸಿ ನೀರು, ಸೋಪು, ಹಳೆ ಬಟ್ಟೆ. ಹತ್ತು ಮೀಟರಿಗೆ ಇಬ್ಬರು ಕೂತರೆ ಅರ್ಧ ಗಂಟೆ ಸಾಕು.